ಸಪ್ಪಳವಿಲ್ಲದ ನೀರು

1983ರ ಫೆಬ್ರವರಿ 24, ಗುರುವಾರ. ಬೆಳಿಗ್ಗೆ 7.40ಕ್ಕೆ ರಾಯಚೂರು ನಗರದ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸಿನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕಂಕುಳಲ್ಲಿ ತಾಮ್ರದ ಕೊಡವಿತ್ತು, ಅದರ ಬಾಯಿಗೆ ಬಟ್ಟೆ ಬಿಗಿದಿತ್ತು. ಹೆಡ್ ಕಾನ್‌ಸ್ಟೇಬಲ್ ದುರುಗಪ್ಪ ಆಗಷ್ಟೇ ಚಹಾವನ್ನು ಬಸಿಗೆ ಬಗ್ಗಿಸಿದ್ದ. ಠಾಣೆಗೆ ಕೊಡ ತರುವವರೆಂದರೆ ನಳದ ಹತ್ತಿರ ಜಗಳಾಡಿ ಬಂದವರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವನು ಸೊಟ್ಟಾದ ಕೊಡ, ತೂತಾದ ಕೊಡ, ಇನ್ನೊಬ್ಬಳ ತಲೆಗೆ ಬಡಿದ ಕೊಡ ಎಲ್ಲವನ್ನೂ ನೋಡಿದ್ದ. ಆದರೆ ಈಕೆಯದು ಜಗಳದ ಮುಖವಾಗಿರಲಿಲ್ಲ. ದುರುಗಪ್ಪ ಬಸಿಯನ್ನು ಕೆಳಗಿಟ್ಟು ಎದ್ದು ನಿಂತ.

ಹೆಸರು ವಿಜಯಾಬಾಯಿ, ಕನ್ಯಾ ಶಾಲೆಯ ಶಿಕ್ಷಕಿ, ಮನೆ ಸಿಹಿಬಾವಿ ಓಣಿಯಲ್ಲಿ. ನಿನ್ನೆ ಏಕಾದಶಿ. ಅವರ ಓಣಿಯ ನಾಲ್ಕು ವೈಷ್ಣವ ಮನೆಗಳಲ್ಲಿ ದೊಡ್ಡವರೆಲ್ಲ ಗುಟುಕು ನೀರೂ ಮುಟ್ಟದೆ ಉಪವಾಸವಿದ್ದರು. ಇವತ್ತು ದ್ವಾದಶಿ, ಬೆಳಕು ಹರಿಯುವ ಮುಂಚೆಯೇ ಉಪವಾಸ ಬಿಡುವ ದಿನ. ಐದು ಗಂಟೆಗೆ ನಳಕ್ಕೆ ನೀರು ಬಂತು, ಮೊದಲ ಕೊಡ ತುಂಬಿದರು. ಮಕ್ಕಳಿಗೆ ಉಪವಾಸವಿಲ್ಲ, ಆದರೂ ಪಾರಣೆಯ ಊಟವೆಂದರೆ ಎಲ್ಲರಿಗಿಂತ ಮೊದಲು ಏಳುವವರು ಮಕ್ಕಳೇ. ಅವಳ ಆರು ವರ್ಷದ ಮಗಳು ಒಂದು ಲೋಟ ನೀರು ಕುಡಿದಳು, ಗಂಡ ಎರಡು ಲೋಟ ಕುಡಿದ, ಒಲೆಯ ಮುಂದಿದ್ದ ಅವಳು ಇನ್ನೂ ಕುಡಿದಿರಲಿಲ್ಲ. ಅರ್ಧ ತಾಸಿನಲ್ಲಿ ವಾಂತಿ, ಬಾಯಲ್ಲಿ ಜೊಲ್ಲು, ಕೈಕಾಲು ನಡುಕ. ನಾಲ್ಕು ಮನೆಗಳಿಂದ ಒಂಬತ್ತು ಜನರನ್ನು ಟಾಂಗಾಗಳಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋಗಿದ್ದರು. ಮಗಳನ್ನು ಡಾಕ್ಟರ ಕೈಗೆ ಒಪ್ಪಿಸಿ, ಅತ್ತೆಯನ್ನು ಮಂಚದ ಪಕ್ಕ ಕೂಡಿಸಿ, ಉಳಿದ ನೀರಿನೊಂದಿಗೆ ಅವಳು ನೇರ ಇಲ್ಲಿಗೆ ಬಂದಿದ್ದಳು.

"ಈ ನೀರು ಚೆಲ್ಲಬ್ಯಾಡ್ರಿ," ಎಂದಳು. "ಇದರಾಗ ಏನದ ಅನ್ನೂದು ನನಗ ಗೊತ್ತಾಗಬೇಕು. ಯಾರು ಹಾಕಿದ್ರು ಅನ್ನೂದೂ ಗೊತ್ತಾಗಬೇಕು."

ಇನ್‌ಸ್ಪೆಕ್ಟರ್ ಜಗನ್ನಾಥರಾವ್ ಎಂಟಕ್ಕೆ ಬಂದರು. ಸಣ್ಣ ಧ್ವನಿಯ ಮನುಷ್ಯ. ಕಳ್ಳರಿಗೂ ಬಹುವಚನ ಹಚ್ಚುತ್ತಾರೆಂದು ಠಾಣೆಯಲ್ಲಿ ನಗುತ್ತಿದ್ದರು, ಅವರ ಮುಂದೆ ಮಾತ್ರ ಯಾರೂ ನಗುತ್ತಿರಲಿಲ್ಲ. 8.15ಕ್ಕೆ ವಿಷವುಣಿಸಿದ ಅಪರಾಧಕ್ಕೆ ದಂಡ ಸಂಹಿತೆಯ 328ನೇ ಕಲಮಿನಡಿ ಎಫ್‌ಐಆರ್ ಆಯಿತು. ಆರೋಪಿ ಎಂಬಲ್ಲಿ 'ಅಪರಿಚಿತ' ಎಂದು ಬರೆದರು. ಆ ಅಪರಿಚಿತನಿಗೆ ಊರಿನವರು ಎಂಟೂವರೆಯೊಳಗೆ ಹೆಸರು ಕೊಟ್ಟಾಗಿತ್ತು: ಗಡಿಗೆಪ್ಪ.

ಗಡಿಗೆಪ್ಪ ಆ ಭಾಗಕ್ಕೆಲ್ಲ ನೀರು ಬಿಡುವವನು. ನಗರಸಭೆಯಲ್ಲಿ ದಿನಗೂಲಿ, ಹನ್ನೊಂದು ವರ್ಷದಿಂದ. ಹೆಗಲ ಮೇಲೆ ಆಳುದ್ದದ ಕಬ್ಬಿಣದ ಕೀಲಿ ಹೊತ್ತು ಓಣಿ ಓಣಿ ತಿರುಗಿ ನೆಲದೊಳಗಿನ ವಾಲ್ವ್ ತಿರುಗಿಸುತ್ತಿದ್ದ. ಮಂಗಳವಾರ ಅವನಿಗೂ ಆ ನಾಲ್ಕು ಮನೆಯವರಿಗೂ ಜಗಳವಾಗಿದ್ದನ್ನು ಓಣಿಗೆ ಓಣಿಯೇ ಕೇಳಿತ್ತು. ಕಾನ್‌ಸ್ಟೇಬಲ್ ಪರಮಣ್ಣ ಹನ್ನೊಂದು ಗಂಟೆಗೆ ಅವನನ್ನು ಕೀಲಿ ಸಮೇತ ಹಿಡಿದು ತಂದ.

ಅದಕ್ಕೂ ಮೊದಲು ಇನ್‌ಸ್ಪೆಕ್ಟರ್ ಮತ್ತು ದುರುಗಪ್ಪ ಆಸ್ಪತ್ರೆಗೆ ಹೋಗಿ ಬಂದಿದ್ದರು. ಹುಡುಗಿಗೆ ಎಚ್ಚರವಿರಲಿಲ್ಲ. ಕಣ್ಣಿನ ಪಾಪೆಗಳು ಸೂಜಿಮೊನೆಯಷ್ಟಾಗಿವೆ, ಹತ್ತಿ ಹೊಲದ ಹುಳಕ್ಕೆ ಹೊಡೆಯುವ ವಿಷದ ಎಣ್ಣೆ ಕುಡಿದವರಿಗೆ ಹೀಗಾಗುತ್ತದೆ ಎಂದರು ಡಾಕ್ಟರು. ಅಂಥ ರೋಗಿಗಳನ್ನು ಅವರು ಸುಗ್ಗಿಗೊಬ್ಬರಂತೆ ನೋಡಿದ್ದರು, ಮದ್ದೂ ಕೈಯಲ್ಲಿತ್ತು. ಎಂಟು ಜನ ಉಳಿಯುತ್ತಾರೆ, ಮಗುವಿನ ವಿಷಯ ನಾಳೆ ಸಂಜೆಯವರೆಗೆ ಏನೂ ಹೇಳಲಾರೆ ಎಂದರು.

ಮಂಚದ ಪಕ್ಕದಲ್ಲಿ ವಿಜಯಾಬಾಯಿಯ ಅತ್ತೆ ಸತ್ಯಭಾಮಾಬಾಯಿ ಕಂಬದಂತೆ ಕೂತಿದ್ದರು. ಅದೇ ಮನೆ, ಅದೇ ಉಪವಾಸ, ಎಪ್ಪತ್ತು ದಾಟಿದ ಜೀವ, ಆದರೆ ಅವರಿಗೇನೂ ಆಗಿರಲಿಲ್ಲ.

"ನೀವು ನೀರು ಕುಡೀಲಿಲ್ಲೇನ್ರಿ ಅಮ್ಮಾ?" ಎಂದು ಕೇಳಿದರು ಇನ್‌ಸ್ಪೆಕ್ಟರ್.

"ನಳದ ನೀರು ಈ ಬಾಯಿಗೆ ಯಾವತ್ತೂ ಬಿಟ್ಟಿಲ್ಲಪ್ಪಾ. ಅದರೊಳಗ ತೊಗಲಿನ ವಾಶರ್ ಇರತದ. ನನಗ ಬಾವಿ ನೀರ ಆಗಬೇಕು." ಸ್ವಲ್ಪ ತಡೆದು ಮುದುಕಿ ಮೊಮ್ಮಗಳ ಕಾಲು ಮುಟ್ಟಿದರು. "ನಮ್ಮ ಮಡಿ ನೋಡಿ ಇವರೆಲ್ಲಾ ನಗ್ತಿದ್ರು. ಈಗ ನನಗೂ ನಗು ಬರವಲ್ದು."

ಒಂಬತ್ತೂವರೆಗೆ ವಿಜಯಾಬಾಯಿಯ ಮನೆಯಲ್ಲಿ ಪಂಚನಾಮೆ. ಅವಳು ಠಾಣೆಗೆ ತಂದಿದ್ದ ಕೊಡವನ್ನು ಅಲ್ಲಿಗೇ ಒಯ್ದು, ಅದರ ನೀರನ್ನು ಎರಡು ಸೀಸೆಗೆ ತುಂಬಿ ಅರಗು ಹಾಕಿ ಮುದ್ರೆಯೊತ್ತಿದರು. ಬರೆಯುವ ಕೆಲಸ ದುರುಗಪ್ಪನದು. ನೀರಿನ ಬಣ್ಣ ಹಾಲು ಬೆರೆಸಿದಂತೆ ತುಸು ಬೆಳ್ಳಗಿದೆ ಎಂದು ಬರೆದ. ಬೆಳಗಿನ ಕತ್ತಲಲ್ಲಿ ಯಾರಿಗೆ ಕಂಡೀತು, ಕಂಡರೂ ಮೊದಲ ನೀರು ದಿನವೂ ಕಲಕೇ ಇರುತ್ತಿತ್ತು. ವಾಸನೆಯ ಬಗ್ಗೆ ಬರೆಯಲು ಮೂಗನ್ನು ಕೊಡದ ಬಾಯಿಗೆ ಒಯ್ದ. ಒಯ್ದವನು ಹಾಗೆಯೇ ನಿಂತ.

ದುರುಗಪ್ಪ ಗಬ್ಬೂರಿನ ಕುರುಬರ ಮನೆಯ ಮಗ. ಈ ವಾಸನೆ ಅವನಿಗೆ ಗೊತ್ತಿತ್ತು. ಕುರಿಯ ಮೈಗೆ ಹತ್ತಿ ರಕ್ತ ಹೀರುವ ಉಣ್ಣೆಹುಳು ಸಾಯಲೆಂದು ನೀರಿಗೆ ಅಂಥದೇ ವಿಷದ ಔಷಧ ಕಲಸಿ, ಕುರಿಗಳನ್ನು ಒಂದೊಂದಾಗಿ ಅದರಲ್ಲಿ ಮುಳುಗಿಸಿ ತೆಗೆಯುತ್ತಾರೆ. ಮುಳುಗಿದ ಕುರಿಯ ಮೈ ಮೂರು ದಿನ ಹೀಗೇ ನಾರುತ್ತದೆ. ಸಿಹಿಬಾವಿ ಓಣಿಯ ಮೇಲಿನ ತುದಿಗೆ, ದಿಬ್ಬದ ಮೇಲೆ, ಅಂಥದೊಂದು ತೊಟ್ಟಿಯಿತ್ತು. ಅದು ಬೂದೆಪ್ಪನ ಕುರಿ ದೊಡ್ಡಿಯಲ್ಲಿತ್ತು. ಬೂದೆಪ್ಪ ದುರುಗಪ್ಪನ ತಾಯಿಯ ತಮ್ಮ, ಸೋದರಮಾವ. ಗಬ್ಬೂರಿನಿಂದ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದು ಈ ಊರಿನ ಶಾಲೆಗೆ ಹಾಕಿದವನು.

ಪಂಚನಾಮೆಯಲ್ಲಿ ದುರುಗಪ್ಪ 'ಔಷಧದ ವಾಸನೆ' ಎಂದಷ್ಟೇ ಬರೆದ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ದೊಡ್ಡಿಯ ತೊಟ್ಟಿಗೂ ಈ ಮನೆಯ ಕೊಡಕ್ಕೂ ನಡುವೆ ನೂರು ಮಾರು ದೂರ, ನೆಲದೊಳಗೆ ಕಬ್ಬಿಣದ ಪೈಪು, ನೀರು ಹರಿಯುವುದು ಒಂದೇ ದಿಕ್ಕಿಗೆ. ಅಲ್ಲಿಂದ ಇಲ್ಲಿಗೆ ಹೇಗೆ ಬಂದೀತು ಎಂದು ತನಗೆ ತಾನೇ ಹೇಳಿಕೊಂಡ. ಮನಸ್ಸು ಒಪ್ಪಲಿಲ್ಲ, ಬಾಯಿಯೂ ತೆರೆಯಲಿಲ್ಲ.

ಮಧ್ಯಾಹ್ನ ಗಡಿಗೆಪ್ಪನ ವಿಚಾರಣೆ ನಡೆಯಿತು.

"ಇವತ್ತು ನೀರು ಎಷ್ಟಕ್ಕ ಬಿಟ್ರಿ?"

"ನಾಲ್ಕೂವರಿಗ್ರಿ ಸಾಹೇಬ್ರ."

"ದಿನಾ ಎಷ್ಟಕ್ಕ?"

"ಆರಕ್ಕರಿ."

"ಇವತ್ತ್ಯಾಕ ಮೊದಲ?"

"ಆ ನಾಲ್ಕು ಮನ್ಯಾಗ ದ್ವಾದಶಿ ಇತ್ತಲ್ರಿ. ಲಗೂನ ಬಿಡು ಅಂತ ಮಂಗಳವಾರ ಗಂಟು ಬಿದ್ರು. ನಿಮ್ಮ ಉಪಾಸಕ್ಕ ನನ್ನ ನಿದ್ದಿ ಯಾಕ ಕೆಡಸ್ತೀರಿ ಅಂತ ಜಗಳಾ ಮಾಡೀನಿ. ಖರೆ. ಹೊಟ್ಟಿ ಒಡಿಯೂತನಕ ಕುಡೀರಿ ಅಂದಿದ್ದೂ ಖರೆ. ಆದ್ರ ಎದ್ದು ಬಂದು ಬಿಟ್ಟೀನಲ್ರಿ."

ಅವನು ಮಾಡಿದ ಉಪಕಾರವೇ ಅವನ ಕೊರಳಿಗೆ ಬಂದಿತ್ತು. ಜಗಳವನ್ನು ಓಣಿ ಕೇಳಿದ್ದರೂ, ಕಡೆಗೆ ಅವನು ಬೇಗ ಬಂದು ನೀರು ಬಿಟ್ಟದ್ದು ಅವನಿಗೂ ಆ ನಾಲ್ಕು ಮನೆಗಳಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ವಿಷ ಬಿದ್ದದ್ದೂ ಆ ನಾಲ್ಕು ಮನೆಗಳಿಗೇ. ಓಣಿಯವರಿಗೆ ಇನ್ನೇನು ಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಎಂದು ದುರುಗಪ್ಪನಿಗೆ ಅನಿಸಿತು, ಆದರೆ ಬರೆ ಹಾಕುವ ಸೌಟು ತನ್ನ ಕೈಯಲ್ಲೇ ಇದೆ ಎಂಬುದೂ ಹೊಳೆಯಿತು.

ಇನ್‌ಸ್ಪೆಕ್ಟರಿಗೂ ಸಮಾಧಾನವಿರಲಿಲ್ಲ. ಓಣಿಯ ಪ್ರತಿ ಮನೆಯಲ್ಲೂ ಎಷ್ಟು ಹೊತ್ತಿಗೆ ನೀರು ತುಂಬಿದರೆಂದು ಬರೆದುಕೊಂಡು ಬರಲು ದುರುಗಪ್ಪನನ್ನು ಕಳಿಸಿದರು. ಇಪ್ಪತ್ತಾರು ಮನೆ. ಐದೂಕಾಲರೊಳಗೆ ತುಂಬಿದವರೆಲ್ಲ ಆಸ್ಪತ್ರೆಯಲ್ಲಿದ್ದರು, ಆರರ ನಂತರ ತುಂಬಿದವರೆಲ್ಲ ಕಟ್ಟೆಯ ಮೇಲೆ ಕೂತು ಗಡಿಗೆಪ್ಪನನ್ನು ಬಯ್ಯುತ್ತಿದ್ದರು. ಇಪ್ಪತ್ತನೆಯ ಮನೆ ನೂರ್ ಬೀ ಎಂಬ ವಿಧವೆಯದು. ರಾಯಚೂರಿನಲ್ಲಿ ನೀರು ಯಾವಾಗ ಬಂದೀತೆಂದು ಹೇಳಲಾಗದ್ದರಿಂದ ಮಲಗುವಾಗ ನಳ ಮುಚ್ಚುವ ರೂಢಿ ಯಾರಿಗೂ ಇಲ್ಲ. ಅವಳೂ ನಳ ತೆರೆದು ಬಕೀಟು ಇಟ್ಟು ಮಲಗಿದ್ದಳು. ಆರಕ್ಕೆ ಏಳುವಷ್ಟರಲ್ಲಿ ಬಕೀಟು ತುಂಬಿ ಅಂಗಳಕ್ಕೆಲ್ಲ ಹರಿದಿತ್ತು, ಬಕೀಟಿನಲ್ಲಿದ್ದುದು ಆಮೇಲೆ ಬಂದ ತಿಳಿನೀರು.

"ನಮಗೇನೂ ಆಗಿಲ್ಲ ಜಮಾದಾರ್ರ," ಎಂದಳು. "ನನ್ನ ಎರಡು ಕೋಳಿ ಸತ್ವು, ಅಷ್ಟ. ಕೋಳಿ ಸತ್ತದ್ದಕ್ಕ ಠಾಣಾಕ್ಕ ಯಾರು ಬರ್ತಾರ?"

ಹೊಸಲಿನ ಆಚೆ ಹರಿದ ಮೊದಲ ನೀರನ್ನು ಕೋಳಿಗಳು ಕುಡಿದಿದ್ದವು. ಅಂದರೆ ವಿಷಕ್ಕೆ ಜಾತಿಯಿರಲಿಲ್ಲ, ಯಾರ ಮೇಲೂ ಹಗೆಯೂ ಇರಲಿಲ್ಲ. ಗಡಿಗೆಪ್ಪ ವಾಲ್ವ್ ತಿರುಗಿಸುವ ಮೊದಲೇ ಅದು ಓಣಿಯ ಪೈಪಿನಲ್ಲಿ ಕೂತಿತ್ತು. ಮೊದಲು ಕೊಡ ಹಿಡಿದವರ ಪಾಲಿಗೆ ಬಂತು.

ಇನ್‌ಸ್ಪೆಕ್ಟರು ಪಟ್ಟಿಯನ್ನು ಎರಡು ಸಲ ಓದಿದರು. "ಪೈಪಿನಾಗ ಹೋತು ಹೆಂಗ, ದುರುಗಪ್ಪನವರ? ವಾಲ್ವಿನ ಕೀಲಿ ಇರೂದು ಒಬ್ಬನ ಹತ್ರ." ನಾಳೆ ಹನ್ನೊಂದಕ್ಕೆ ಇಪ್ಪತ್ತನಾಲ್ಕು ತಾಸು ತುಂಬುತ್ತದೆ, ಅಷ್ಟರೊಳಗೆ ಬೇರೆ ದಾರಿ ಕಾಣದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು ಎಂದರು. ಜೇಲಿಗೆ ಹೋದ ದಿನಗೂಲಿಯವನ ಹೆಸರು ಹಾಜರಿ ಪುಸ್ತಕದಲ್ಲಿ ಮರುದಿನ ಇರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಸಂಜೆ ಆರಕ್ಕೆ ಗಡಿಗೆಪ್ಪನ ಹೆಂಡತಿ ಸೂಗಮ್ಮ ಬುತ್ತಿ ತಂದಳು. ಅಳಲಿಲ್ಲ, ಬೈಯಲಿಲ್ಲ. ರೊಟ್ಟಿಯ ಗಂಟನ್ನು ದುರುಗಪ್ಪನ ಮೇಜಿನ ಮೇಲಿಟ್ಟು, "ಯಪ್ಪಾ, ಅವನಿಗೆ ಕೊಡ್ರಿ, ನೀವು ಒಳ್ಳೇವ್ರಂತ," ಎಂದು ಹೇಳಿ ಹೋದಳು. ದುರುಗಪ್ಪ ಆ ಗಂಟನ್ನು ಲಾಕಪ್ಪಿನ ಕಂಬಿಯೊಳಗೆ ಕೊಟ್ಟ. ಅವತ್ತು ಮನೆಗೆ ಹೋಗಿ ತಾನು ಉಣ್ಣಲಿಲ್ಲ. ನಾಚಿಕೆ ಎಂಬುದು ಹೊಟ್ಟೆಯಲ್ಲಿ ಇಷ್ಟು ಜಾಗ ಹಿಡಿಯುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಫೆಬ್ರವರಿ 25, ಶುಕ್ರವಾರ, ಬೆಳಿಗ್ಗೆ ಏಳೂವರೆ. ಡ್ಯೂಟಿಗೆ ಹೋಗುವ ಮೊದಲು ದುರುಗಪ್ಪ ಚಿಮಣಿ ಎಣ್ಣೆಯ ಡಬ್ಬಿ ಹಿಡಿದು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದ. ಅಂಗಡಿಯವನು ಕಟ್ಟೆಯ ಮೇಲಿನ ಪೀಪಾಯಿಯಲ್ಲಿ ರಬ್ಬರಿನ ಪೈಪು ಮುಳುಗಿಸಿ, ಇನ್ನೊಂದು ತುದಿಯನ್ನು ಬಾಯಿಂದ ಎಳೆದು, ಥೂ ಎಂದು ಉಗುಳಿ, ಕೆಳಗಿನ ಡಬ್ಬಿಗೆ ಬಿಟ್ಟ. ಎಣ್ಣೆ ತಾನೇ ಮೇಲೇರಿ ಪೀಪಾಯಿಯ ಅಂಚು ದಾಟಿ ಕೆಳಗೆ ಸುರಿಯತೊಡಗಿತು. ಸಾವಿರ ಸಲ ನೋಡಿದ್ದು. ಡಬ್ಬಿ ತುಂಬುತ್ತಲೇ ಅಂಗಡಿಯವನು ಪೀಪಾಯಿಯೊಳಗಿನ ತುದಿಯನ್ನು ಎಣ್ಣೆಯಿಂದ ಮೇಲೆತ್ತಿದ. ಪೈಪು ಗೊಳ್ ಎಂದು ಗಾಳಿ ನುಂಗಿತು, ಧಾರೆ ನಿಂತಿತು.

ದುರುಗಪ್ಪ ಎಣ್ಣೆ ತೆಗೆದುಕೊಳ್ಳದೆ ಖಾಲಿ ಡಬ್ಬಿಯೊಂದಿಗೇ ಠಾಣೆಗೆ ನಡೆದ. 8.10ಕ್ಕೆ ಇನ್‌ಸ್ಪೆಕ್ಟರ ಮುಂದೆ ನಿಂತು ಎಲ್ಲವನ್ನೂ ಹೇಳಿದ: ವಾಸನೆ, ದಿಬ್ಬದ ಮೇಲಿನ ತೊಟ್ಟಿ, ತೊಟ್ಟಿಯಲ್ಲಿ ಸದಾ ಮುಳುಗಿರುವ ನಳದ ಪೈಪು. ಓಣಿಯ ಕೆಳತುದಿಯಲ್ಲಿ ಯಾರಾದರೂ ದೊಡ್ಡ ಪೈಪನ್ನು ಖಾಲಿ ಮಾಡಿದರೆ ಅದೇ ಅಂಗಡಿಯವನ ಬಾಯಿ. ತೊಟ್ಟಿಯ ಔಷಧ ಹಿಂದಕ್ಕೆ ಹರಿದು ಊರ ನೀರಿಗೆ ಸೇರುತ್ತದೆ. ಕಡೆಗೆ, ಆ ತೊಟ್ಟಿ ತನ್ನ ಮಾವನದು ಎಂಬುದನ್ನೂ ಹೇಳಿದ.

ಜಗನ್ನಾಥರಾವ್ ಬಯ್ಯಲಿಲ್ಲ. ಠಾಣಾ ಡೈರಿಯನ್ನು ಅವನ ಕಡೆಗೆ ಸರಿಸಿದರು.

"ಹೊತ್ತು ಬರೀರಿ. ನಿನ್ನೆ ಒಂಬತ್ತೂವರಿಗೆ ವಾಸನಿ ಗುರ್ತು ಹಿಡದೆ. ಇವತ್ತು ಎಂಟು ಹತ್ತಕ್ಕ ಹೇಳ್ದೆ ಅಂತ. ನಡುವಿನ ಹೊತ್ತು ಲಾಕಪ್ಪಿನಾಗ ಯಾರು ಕೂತಿದ್ರು ಅನ್ನೂದೂ ಬರೀರಿ. ಇನ್ನ ಮುಂದ ಈ ಕೇಸಿನ ಪಂಚನಾಮೆ ನೀವು ಬರೆಯೂದು ಬ್ಯಾಡ."

ದುರುಗಪ್ಪ ಬರೆದು ಸಹಿ ಮಾಡಿದ. ಅಕ್ಷರ ಸೊಟ್ಟಗಾದವು, ಆದರೆ ಉಸಿರು ನೆಟ್ಟಗಾಯಿತು.

ಗಡಿಗೆಪ್ಪನ ಜೇಬಿನಿಂದ ಜಪ್ತಿ ಮಾಡಿದ ಕಿರುಪುಸ್ತಕ ಮೇಜಿನ ಮೇಲೇ ಬಿದ್ದಿತ್ತು, ಯಾರೂ ತೆರೆದಿರಲಿಲ್ಲ. ಬುಧವಾರದ ಪುಟದಲ್ಲಿ ಕಾಗೆಕಾಲಿನ ಅಕ್ಷರ: 'ಸಂಜೆ 4, ಸಿಹಿಬಾವಿ ಓಣಿ ತಗ್ಗಿನಾಗ ಪೈಪ್ ಸೋರಿಕೆ. ಮನೆ ನಳ ಬಂದ್ ಮಾಡಿಸಿ ನೀರು ಪೂರಾ ಹೊರಗೆ ಬಿಟ್ಟು ರಿಪೇರಿ. 5ಕ್ಕೆ ಬಂದ್.' ನಗರಸಭೆಯ ಓವರ್‌ಸಿಯರ್ ಒಂಬತ್ತಕ್ಕೆ ಫೈಲಿನೊಂದಿಗೆ ಬಂದರು. ಸಾರ್ವಜನಿಕ ನೀರಿನ ಸಂಪರ್ಕ ಪಡೆದ ಮಾಲೀಕರ ನಿಯಮ ಅದರಲ್ಲಿತ್ತು: ನಳದ ಬಾಯಿ ತೊಟ್ಟಿಯ ಅಂಚಿಗಿಂತ ಒಂದು ಗೇಣು ಮೇಲಿರಬೇಕು, ಔಷಧ, ಬಣ್ಣ ಬಳಸುವ ಜಾಗದಲ್ಲಿ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಹಿತ್ತಾಳೆಯ ಕವಾಟ ಕೂಡಿಸಿರಬೇಕು, ಅದನ್ನು ಬಿಚ್ಚಬಾರದು. ಕೆಳಗೆ ಬೂದೆಪ್ಪನ ಹೆಬ್ಬೆಟ್ಟು. ಹೋದ ವರ್ಷದ ತಪಾಸಣೆಯಲ್ಲಿ ಕವಾಟ ಇತ್ತೆಂದು ಓವರ್‌ಸಿಯರರೇ ಬರೆದಿದ್ದರು.

9.20ಕ್ಕೆ ದೊಡ್ಡಿಗೆ ಹೋದರೆ ಬಾಗಿಲಿಗೆ ಬೀಗ. ಪಂಚರ ಮುಂದೆ ಒಡೆದರು. ಕುರಿಗಳಿರಲಿಲ್ಲ. ತೊಟ್ಟಿಯನ್ನು ಬೂದಿ ಹಾಕಿ ತಿಕ್ಕಿ ತೊಳೆದಿದ್ದರು, ಪೈಪನ್ನು ನಳದ ಬುಡಕ್ಕೇ ಕೊಯ್ದಿದ್ದರು. ಕವಾಟ ಇರಬೇಕಾದ ಕಡೆ ಒಂದು ಸಾದಾ ಕಬ್ಬಿಣದ ತುಂಡು ಕೂತಿತ್ತು. ಪರಮಣ್ಣ ಎಲ್ಲವನ್ನೂ ಬರೆದ. ದುರುಗಪ್ಪ ದೂರ ನಿಂತು, ತಾನು ಎಂಟು ವರ್ಷದವನಿದ್ದಾಗ ಮೈ ತೊಳೆದುಕೊಂಡ ಕಲ್ಲನ್ನು ನೋಡುತ್ತಿದ್ದ.

"ಹನ್ನೊಂದಕ್ಕ ಇನ್ನೂ ಒಂದೂವರಿ ತಾಸದ," ಎಂದರು ಇನ್‌ಸ್ಪೆಕ್ಟರ್. "ಮಾಡೇ ನೋಡೂಣು."

ತೊಟ್ಟಿ ತುಂಬಿಸಲು ನೀರು ಬೇಕಿತ್ತು. ಸುದ್ದಿ ಕೇಳಿ ಓಣಿಯವರೇ ಬಾವಿಯಿಂದ ದಿಬ್ಬದವರೆಗೆ ಸಾಲಾಗಿ ನಿಂತು ಕೊಡ ಕೈಬದಲಿಸಿದರು. ನಿನ್ನೆ ಗಡಿಗೆಪ್ಪನನ್ನು ಬಯ್ದವರೂ ಸಾಲಿನಲ್ಲಿದ್ದರು, ನೂರ್ ಬೀಯೂ ಇದ್ದಳು. ತುಂಬಿದ ತೊಟ್ಟಿಗೆ ಇನ್‌ಸ್ಪೆಕ್ಟರು ಬಟ್ಟೆಗೆ ಹಾಕುವ ನೀಲಿಯ ನಾಲ್ಕು ಪೊಟ್ಟಣ ಸುರಿಸಿದರು. ಹೊಸ ರಬ್ಬರ್ ಪೈಪನ್ನು ನಳಕ್ಕೆ ಬಿಗಿದು, ತುದಿಯನ್ನು ನೀರಿನಲ್ಲಿ ಮುಳುಗಿಸಿ, ನಳ ತೆರೆದಿಟ್ಟರು. ಬುಧವಾರದಂತೆಯೇ, ಪೈಪಿಗೆ ಗಾಳಿ ಹೊಗದ ಹಾಗೆ, ಎಲ್ಲರ ಮನೆಯ ನಳ ಮುಚ್ಚಲು ಡಂಗುರ ಹೊಡೆಸಿಯಾಗಿತ್ತು. ಓಣಿಯ ತಗ್ಗಿನಲ್ಲಿ ವಾಲ್ವ್ ತಿರುಗಿಸಲು ಬರುವವನು ಒಬ್ಬನೇ. ಗಡಿಗೆಪ್ಪನನ್ನು ಕಾವಲಿನಲ್ಲೇ ಕರೆತಂದು ಅವನ ಕೀಲಿ ಅವನ ಕೈಗೆ ಕೊಟ್ಟರು.

ಬುಧವಾರ ಮಾಡಿದ್ದನ್ನೇ ಅವನು ಮಾಡಿದ. ತಗ್ಗಿನಲ್ಲಿ ನೀರು ಹೊರಗೆ ಸುರಿಯಿತು. ದಿಬ್ಬದ ಮೇಲೆ ಮೊದಲು ಏನೂ ಆಗಲಿಲ್ಲ, ಯಾರೋ ಕೆಮ್ಮಿದರು. ಆಮೇಲೆ ತೊಟ್ಟಿಯ ಗೋಡೆಯ ಮೇಲೆ ನೀಲಿಯ ಗೆರೆಯೊಂದು ಒದ್ದೆಯಾಗಿ ಉಳಿಯಿತು, ನೀರು ಅದರ ಕೆಳಗಿತ್ತು. ಬೆರಳಷ್ಟು, ನಾಲ್ಕು ಬೆರಳಷ್ಟು, ಒಂದು ಗೇಣು. ಯಾರೂ ಮುಟ್ಟದ ನೀರು ತಾನಾಗಿ ಇಳಿಯುತ್ತಿತ್ತು, ಒಂದಿಷ್ಟೂ ಸಪ್ಪಳವಿಲ್ಲದೆ.

ಗಡಿಗೆಪ್ಪ ತಗ್ಗಿನ ವಾಲ್ವ್ ಮುಚ್ಚಿ ಮೇಲಿನದನ್ನು ತೆರೆದ. ವಿಜಯಾಬಾಯಿ ತನ್ನ ಮನೆಯ ನಳದ ಕೆಳಗೆ ಅದೇ ತಾಮ್ರದ ಕೊಡ ಹಿಡಿದು ಕೂತಿದ್ದಳು. 10.35ಕ್ಕೆ ನಳ ಎರಡು ಸಲ ಕೆಮ್ಮಿತು. ಆಮೇಲೆ ನೀಲಿ ನೀರು ಬಂತು.

ಅವಳು ಕೊಡ ಇಟ್ಟು ಹೊರಗೆ ಬಂದಳು. ಗಡಿಗೆಪ್ಪನ ಮುಂದೆ ನಿಂತು ಕೈ ಮುಗಿದಳು. "ನಿಮ್ಮನ್ನ ಎಬ್ಬಿಸಿದವರೂ ನಾವ, ಹಿಡಿಸಿದವರೂ ನಾವ," ಎಂದಳು. ಅವನು ಕೀಲಿಯನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸಿದ. ಇನ್‌ಸ್ಪೆಕ್ಟರು ಮನೆಗೆ ಹೋಗಲು ಹೇಳಿದರೆ ಅವನು ತಲೆಯಾಡಿಸಿದ.

"ಮನಿಗಲ್ರಿ ಸಾಹೇಬ್ರ. ಮೊದಲ ಪೈಪ್ ತೊಳೀಬೇಕು. ಸಂಜಿತನಕ ಈ ನೀರು ಯಾರೂ ಕುಡೀಬಾರದು."

ಅದೇ ಮಧ್ಯಾಹ್ನ ಇನ್‌ಸ್ಪೆಕ್ಟರ್ ಮತ್ತು ಪರಮಣ್ಣ ಕಲ್ಲೂರಿನ ಮೇಲಿಂದ ಮಾನ್ವಿಗೆ ಹೋದರು. ದೊಡ್ಡಿಯ ನಳದ ಕೆಲಸ ಮಾಡಿದ್ದು ಅಲ್ಲಿನ ಮಹಮ್ಮದ್ ಹುಸೇನ್ ಎಂಬ ಫಿಟ್ಟರ್ ಎಂದು ಓವರ್‌ಸಿಯರ್ ಹೇಳಿದ್ದರು. ಹುಸೇನ್ ಮುಚ್ಚಿಡಲಿಲ್ಲ. ಕವಾಟದಲ್ಲಿ ಉಸುಕು ಸಿಕ್ಕು ನೀರು ಸಣ್ಣಗೆ ಬರುತ್ತದೆಂದು ಬೂದೆಪ್ಪ ದಸರೆಯ ಹೊತ್ತಿಗೆ ಬಿಚ್ಚಿಸಿದ್ದ. ತೊಳೆದು ಮತ್ತೆ ಕೂಡಿಸೋಣ ಎಂದರೆ ಬೇಡವೆಂದಿದ್ದ. ಒಳ್ಳೆಯ ಹಿತ್ತಾಳೆಯೆಂದು ಹುಸೇನ್ ಅದನ್ನು ಗೋಣಿಚೀಲದಲ್ಲೇ ಇಟ್ಟುಕೊಂಡಿದ್ದ. ಕವಾಟ ಜಪ್ತಿಯಾಯಿತು. ಬಿಚ್ಚಬಾರದೆಂಬ ನಿಯಮ ಅವನಿಗೂ ಗೊತ್ತಿದ್ದರಿಂದ ಹೇಳಿಕೆಯ ಜೊತೆ ಅವನ ಹೆಸರೂ ನಗರಸಭೆಗೆ ಹೋಯಿತು.

ಸಂಜೆ ಅವರು ಮರಳುವಷ್ಟರಲ್ಲಿ ಆಸ್ಪತ್ರೆಯಿಂದ ಸುದ್ದಿ ಬಂದಿತ್ತು. ಹುಡುಗಿ ಕಣ್ಣು ತೆರೆದಿದ್ದಳು. ಪಾರಣೆಯ ದಿನದ ಪಾಯಸ ತನಗೆ ಬರಲೇ ಇಲ್ಲ ಎಂದು ಅಜ್ಜಿಯೊಂದಿಗೆ ತಕರಾರು ತೆಗೆದಿದ್ದಳಂತೆ. ಠಾಣೆಯಲ್ಲಿ ಆ ಸುದ್ದಿಯನ್ನು ಎಲ್ಲರೂ ಎರಡೆರಡು ಸಲ ಹೇಳಿಸಿ ಕೇಳಿದರು.

ಫೆಬ್ರವರಿ 26, ಶನಿವಾರ, ಮಧ್ಯಾಹ್ನ 12.15. ದೇವದುರ್ಗದ ಕುರಿ ಸಂತೆ. ಮಾವ ಕುರಿ ಹೊಡೆದುಕೊಂಡು ಹೋದರೆ ಗಬ್ಬೂರಿನಲ್ಲಿ ಒಂದು ರಾತ್ರಿ ತಂಗಿ ದೇವದುರ್ಗಕ್ಕೇ ಹೋಗುತ್ತಾನೆ ಎಂದು ದುರುಗಪ್ಪನೇ ಹೇಳಿದ್ದ. ಗುರುತು ಹಿಡಿಯಲೆಂದು ಅವನನ್ನೂ ಜೀಪಿನಲ್ಲಿ ಕರೆತಂದಿದ್ದರು. ಬೇವಿನ ಮರದ ಕೆಳಗೆ ಬೂದೆಪ್ಪ ಕಂಬಳಿ ಹಾಸಿ ಕೂತಿದ್ದ. ಪೊಲೀಸರನ್ನು ನೋಡಿ ಏಳಲೂ ಇಲ್ಲ, ಓಡಲೂ ಇಲ್ಲ. ಅಳಿಯನನ್ನು ನೋಡಿ ಮಾತ್ರ ಮುಖ ತಗ್ಗಿಸಿದ.

"ಬಂದೇನೋ ದುರುಗಾ."

"ಬಂದೀನಿ ಮಾವ."

"ಆ ಹುಡುಗಿ?"

"ಉಳದಾಳ."

ಮುದುಕ ಕಂಬಳಿಯ ಅಂಚಿನಿಂದ ಕಣ್ಣು ಒರೆಸಿಕೊಂಡ. ಇನ್‌ಸ್ಪೆಕ್ಟರು ಅವನ ಎದುರು ಕುಕ್ಕರಗಾಲಲ್ಲಿ ಕೂತರು. ಯಾವಾಗ ಗೊತ್ತಾಯಿತು ಎಂದು ಕೇಳಿದರು. ಗುರುವಾರ ಬೆಳಿಗ್ಗೆಯೇ ಎಂದ. ನಳಕ್ಕೆ ನೀರು ಬರುವ ಮೊದಲೇ ಎದ್ದು ನೋಡಿದರೆ ತೊಟ್ಟಿಯ ಔಷಧ ಗೇಣೂವರೆ ಕಮ್ಮಿಯಾಗಿತ್ತು, ಸೋರಿದ ಗುರುತಿರಲಿಲ್ಲ. ಮೊದಲು ತಿಳಿಯಲಿಲ್ಲ. ಟಾಂಗಾಗಳು ಆಸ್ಪತ್ರೆಗೆ ಓಡುವುದು ಕಂಡಾಗ ತಿಳಿಯಿತು. ತೊಟ್ಟಿ ತೊಳೆದ, ಪೈಪು ಕೊಯ್ದ, ಬೀಗ ಹಾಕಿ ಹೊರಟ.

"ಗಡಿಗೆಪ್ಪನ್ನ ಹಿಡದದ್ದು ಗೊತ್ತಿತ್ತೇನು?"

"ಗಬ್ಬೂರಾಗ ಕೇಳೀನ್ರಿ. ಕುರಿ ಯಾರದರ ಕೈಗೆ ಒಪ್ಪಿಸಿ ಬಂದು ಹೇಳಬೇಕಂತ ಮಾಡಿದ್ದೆ. ಎರಡು ದಿನದಿಂದ ಹಂಗ ಅನಕೋತ ಕುಂತೀನಿ."

"ಪೈಪು ನೀರಾಗ ಯಾಕ ಮುಳುಗಿಸಿದ್ರಿ? ಮ್ಯಾಲ ಇರಬೇಕು ಅಂತ ಹೆಬ್ಬಟ್ಟು ಒತ್ತೀರಿ."

ಬೂದೆಪ್ಪ ಒಮ್ಮೆ ತನ್ನ ಕುರಿಗಳ ಕಡೆ ನೋಡಿದ. ಆಮೇಲೆ ಹೇಳಿದ. ಹನ್ನೊಂದು ವರ್ಷದ ಹಿಂದೆ ಉಣ್ಣೆಹುಳುವಿನ ಜ್ವರ ಬಂದು ಅವನ ಹಿಂಡಿನ ನೂರಾ ನಲವತ್ತು ಕುರಿ ಎಂಟು ದಿನದಲ್ಲಿ ಹೋದವು. ಅಂದಿನಿಂದ ಮಟಮಾರಿ, ಕಲ್ಲೂರು, ಗಬ್ಬೂರು ಯಾವ ಕಡೆಯ ಕುರುಬನಾದರೂ ಸರಿ, ತನ್ನ ದೊಡ್ಡಿಗೆ ಬಂದರೆ ಅವನ ಕುರಿಯನ್ನು ಔಷಧಕ್ಕೆ ಇಳಿಸದೆ ಕಳಿಸುವುದಿಲ್ಲ ಎಂದು ಹಿಡಿದಿದ್ದ, ಒಬ್ಬರಿಂದಲೂ ಏನೂ ತೆಗೆದುಕೊಂಡಿರಲಿಲ್ಲ. ಅದಕ್ಕೆ ನೀರು ಬೇಕು. ಹೋದ ಬೇಸಿಗೆಯಲ್ಲಿ ತೊಟ್ಟಿಗೆ ನೀರು ಧೋ ಎಂದು ಬೀಳುವುದನ್ನು ಕೇಳಿ ಓಣಿಯವರು ಬಾಗಿಲಿಗೆ ಬಂದಿದ್ದರು.

"ಮಂದಿಗೆ ಕುಡಿಯಾಕ ಇಲ್ಲ, ನೀ ಕುರಿ ಮೈ ತೊಳಿಯಾಕತ್ತೀ ಅಂದ್ರು. ಸುಳ್ಳೇನಲ್ರಿ ಅದು. ಎದುರು ಮಾತಾಡಾಕ ನನಗ ಬಾಯಿ ಬರಲಿಲ್ಲ. ಪೈಪು ನೀರಾಗ ಮುಳುಗಿಸಿದ್ರ ಸಪ್ಪಳ ಆಗೂದಿಲ್ಲ. ಅಷ್ಟಕ್ಕ ಮುಳುಗಿಸಿದೆ ಸಾಹೇಬ್ರ. ಸಪ್ಪಳಕ್ಕ ಅಂಜಿ."

12.50ಕ್ಕೆ ದಸ್ತಗಿರಿ ಮಾಡಿದ ಬಗ್ಗೆ ಬರೆದರು. 328ನೇ ಕಲಮು ತೆಗೆದು, ವಿಷವಸ್ತುವಿನ ಬಗ್ಗೆ ಅಜಾಗರೂಕತೆ, ಪ್ರಾಣಕ್ಕೆ ಅಪಾಯ ತಂದು ನೋವುಂಟುಮಾಡಿದ್ದು, ಸಾಕ್ಷ್ಯ ನಾಶ ಎಂದು ಸೇರಿಸಿದರು. ಬೇಡಿ ಹಾಕಲಿಲ್ಲ. ಕುರಿಗಳನ್ನು ಗಬ್ಬೂರಿನ ನೆಂಟನೊಬ್ಬನಿಗೆ ಒಪ್ಪಿಸಿದ ಮೇಲೆ ಬೂದೆಪ್ಪ ತಾನೇ ಹೋಗಿ ಜೀಪು ಹತ್ತಿದ. ದಾರಿಯುದ್ದಕ್ಕೂ ಅವನ ಕೈ ದುರುಗಪ್ಪನ ಮೊಣಕಾಲ ಮೇಲಿತ್ತು, ದುರುಗಪ್ಪ ಅದನ್ನು ಸರಿಸಲಿಲ್ಲ.

ಏಪ್ರಿಲ್‌ನಲ್ಲಿ ಬೆಂಗಳೂರಿನಿಂದ ಪರೀಕ್ಷೆಯ ವರದಿ ಬಂತು, ಸೀಸೆಯ ನೀರಿನಲ್ಲಿದ್ದುದು ಅದೇ ಔಷಧ. ಬೂದೆಪ್ಪ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡ. ಮೂರು ತಿಂಗಳ ಸಜೆಯಾಯಿತು. ಸಾಕ್ಷಿ ಹೇಳಲು ಬಂದ ವಿಜಯಾಬಾಯಿ, ದೊಡ್ಡಿಯನ್ನು ಮುಚ್ಚಿಸುವುದು ಬೇಡ, ನೆಟ್ಟಗೆ ಮಾಡಿಸಿರಿ ಎಂದು ನ್ಯಾಯಾಧೀಶರಿಗೆ ಹೇಳಿದ್ದು ಅವಳು ತಾನಾಗಿಯೇ ಹೇಳಿದ ಮಾತು. ದುರುಗಪ್ಪನಿಗೆ ಡೈರಿಯಲ್ಲಿ ಬರೆದ ಆ ಇಪ್ಪತ್ತೆರಡು ತಾಸು ನಲವತ್ತು ನಿಮಿಷಕ್ಕೆ ಒಂದು ವರ್ಷದ ವೇತನ ಬಡ್ತಿ ನಿಂತಿತು. ಅವನು ಮೇಲ್ಮನವಿ ಹಾಕಲಿಲ್ಲ.

ಈಗಲೂ ಗಡಿಗೆಪ್ಪ ಬೆಳಿಗ್ಗೆ ಆರಕ್ಕೆ ಸಿಹಿಬಾವಿ ಓಣಿಗೆ ನೀರು ಬಿಡುತ್ತಾನೆ, ದ್ವಾದಶಿಯ ದಿನ ನಾಲ್ಕೂವರೆಗೆ. ವಾಲ್ವ್ ತಿರುಗಿಸಿ ನೇರ ಮುಂದಿನ ಓಣಿಗೆ ಹೋಗುವುದಿಲ್ಲ. ದಿಬ್ಬ ಹತ್ತಿ ಬೂದೆಪ್ಪನ ದೊಡ್ಡಿಯ ಗೋಡೆಗೆ ಕಿವಿಗೊಟ್ಟು ನಿಲ್ಲುತ್ತಾನೆ. ಒಳಗೆ ತೊಟ್ಟಿಯ ಅಂಚಿಗಿಂತ ಒಂದು ಗೇಣು ಮೇಲಿಂದ ನೀರು ಧೋ ಎಂದು ಬೀಳುತ್ತದೆ, ಕೆಳಗಿನ ಮನೆಗಳಿಗೂ ಕೇಳುತ್ತದೆ, ಯಾರೂ ಬಾಗಿಲಿಗೆ ಬಂದು ಬಯ್ಯುವುದಿಲ್ಲ. ಆ ಸಪ್ಪಳ ಕೇಳಿಸಿದ ಮೇಲೆ ಗಡಿಗೆಪ್ಪ ಕೀಲಿಯನ್ನು ಹೆಗಲಿಗೇರಿಸಿಕೊಂಡು ಇಳಿದು ಹೋಗುತ್ತಾನೆ, ಓಣಿಯವರು ಕೊಡ ಹಿಡಿಯುತ್ತಾರೆ.